ನಾಯಿ, ಬೆಕ್ಕು, ಪಾರಿವಾಳ ಮತ್ತು ಮೇಷ್ಟ್ರುಗಳು

ನಮ್ಮ ರಾಜ್ಯದಲ್ಲಿ ಮನಶ್ಶಾಸ್ತ್ರದ ಚರಿತ್ರೆಯನ್ನು ಅತಿ ಶ್ರದ್ಧೆಯಿಂದ ಓದುವವರು ಯಾರೆಂದರೆ ಟಿಇಟಿ ಪರೀಕ್ಷೆಗೆ ಕೂರುವವರು. ಡಿ.ಎಡ್., ಬಿ.ಎಡ್. ಮುಗಿಸಿ ಮೇಷ್ಟ್ರ ಕೆಲಸಕ್ಕೆ ಕಾದು ಕೂತ ಹುಡುಗ ಹುಡುಗಿಯರು ಗೈಡಿನ ಒಂದು ಪುಟವನ್ನು ಬಾಯಿಪಾಠ ಹೊಡೆಯುತ್ತಾರೆ. ಪಾವ್ಲೋವ್ ಎಂದರೆ ನಾಯಿ. ಥಾರ್ನ್‌ಡೈಕ್ ಎಂದರೆ ಬೆಕ್ಕು. ಸ್ಕಿನ್ನರ್ ಎಂದರೆ ಇಲಿ, ಪಾರಿವಾಳ. ಕೊಹ್ಲರ್ ಎಂದರೆ ಚಿಂಪಾಂಜಿ. ‘ಹೊಂದಿಸಿ ಬರೆಯಿರಿ’ ಎಂದು ಕೇಳಿದರೆ ನಾಲ್ಕು ಅಂಕ ಗ್ಯಾರಂಟಿ.

ನಮ್ಮ ಅಕ್ಕನ ಮಗಳು ಅಂಥದೊಂದು ಗೈಡು ಹಿಡಿದುಕೊಂಡು ಬಂದಳು. “ಮಾವ, ನಂಗೆ ಪಾವ್ಲೋವ್‌ಗೂ ಥಾರ್ನ್‌ಡೈಕ್‌ಗೂ ಪ್ರಾಣಿ ಅದಲುಬದಲಾಗ್ತಿದೆ. ನೆನಪಿಟ್ಕೊಳ್ಳೋಕೆ ಏನಾದ್ರೂ ಉಪಾಯ ಇದ್ಯಾ?”

“ಪಾಪದ ನಾಯಿ ಪಾವ್ಲೋವ್‌ದು ಅಂತ ಇಟ್ಕೊಳ್ಳಮ್ಮ. ಉಳಿದಿದ್ದು ಬೆಕ್ಕು.”

“ಸರಿ. ವುಂಟ್‌ಗೆ ಯಾವ ಪ್ರಾಣಿ? ಇಲ್ಲಿ ಕೊಟ್ಟೇ ಇಲ್ಲ.”

“ಅವನಿಗೆ ಪ್ರಾಣಿ ಇರಲಿಲ್ಲ. ವಿದ್ಯಾರ್ಥಿಗಳಿದ್ದರು.”

ಅವಳು ನಕ್ಕು ಹೋದಳು. ಆದರೆ ಗೈಡುಗಳ ಮೇಲೆ ನನ್ನದೊಂದು ತಕರಾರು ಉಳಿದೇ ಇದೆ. ಇಸವಿ ಕೊಡುತ್ತಾರೆ, ಪ್ರಾಣಿ ಕೊಡುತ್ತಾರೆ, ವಾದದ ಹೆಸರು ಕೊಡುತ್ತಾರೆ. ಆ ಮನುಷ್ಯ ಎಂಥವನಾಗಿದ್ದ ಎಂದು ಮಾತ್ರ ಹೇಳುವುದಿಲ್ಲ. ಬೇರೆ ಶಾಸ್ತ್ರಗಳಲ್ಲಾದರೆ ಇದು ನಡೆದೀತು. ನ್ಯೂಟನ್ ಮುಂಗೋಪಿಯಾಗಿದ್ದರೂ ಶಾಂತಮೂರ್ತಿಯಾಗಿದ್ದರೂ ಸೇಬು ಬೀಳುವ ವೇಗ ಅಷ್ಟೇ. ಮನಶ್ಶಾಸ್ತ್ರದ ಕತೆ ಹಾಗಲ್ಲ. ಇಲ್ಲಿ ಅಳೆಯುವ ಗಜವೂ ಮನಸ್ಸೇ, ಅಳೆಸಿಕೊಳ್ಳುವ ಬಟ್ಟೆಯೂ ಮನಸ್ಸೇ. ಹಾಗಾಗಿ ಮನುಷ್ಯನ ಮನಸ್ಸು ಹೀಗಿದೆ ಎಂದು ಒಬ್ಬೊಬ್ಬ ಮೇಷ್ಟ್ರೂ ಬರೆದದ್ದರಲ್ಲಿ ಅವರವರ ಮನಸ್ಸು ಹೇಗಿತ್ತು ಎಂಬುದೇ ಜಾಸ್ತಿ ಕಾಣುತ್ತದೆ ಎಂದು ನನ್ನ ಗುಮಾನಿ.

ವುಂಟ್‌ನಿಂದಲೇ ಶುರುಮಾಡೋಣ. ವಿಲ್‌ಹೆಲ್ಮ್ ವುಂಟ್, ಜರ್ಮನಿಯವನು, ಹುಟ್ಟಿದ್ದು 1832ರಲ್ಲಿ, ಪಾದ್ರಿಯ ಮಗ. ಹುಡುಗನಾಗಿದ್ದಾಗ ಕ್ಲಾಸಿನಲ್ಲಿ ಕೂತು ಹಗಲುಗನಸು ಕಾಣುವುದೇ ಅವನ ಕಸುಬು. ಮೇಷ್ಟ್ರ ಕೈಲಿ ಏಟು ತಿಂದ, ಒಂದು ವರ್ಷ ಫೇಲೂ ಆದ. ಇಂಥ ಹುಡುಗ ಬೆಳೆದು ಏನಾದ ಎಂದರೆ, ಮನಸ್ಸನ್ನು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅಳೆಯುವ ಮನುಷ್ಯನಾದ. 1879ರಲ್ಲಿ ಲೈಪ್ಜಿಗ್ ವಿಶ್ವವಿದ್ಯಾಲಯದಲ್ಲಿ ಅವನು ನಡೆಸಿದ ಪ್ರಯೋಗಾಲಯವನ್ನೇ ಮನಶ್ಶಾಸ್ತ್ರದ ಹುಟ್ಟೂರು ಎಂದು ಲೆಕ್ಕ ಹಿಡಿಯುತ್ತಾರೆ. ಗೈಡಿನಲ್ಲೂ ಆ ಇಸವಿಗೆ ದಪ್ಪಕ್ಷರ.

ಅಲ್ಲಿ ಏನು ನಡೆಯುತ್ತಿತ್ತು ಎಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೇಜಿನ ಮೇಲೆ ಹಿಪ್ ಎಂಬವನು ಮಾಡಿದ ಒಂದು ಗಡಿಯಾರ, ಸೆಕೆಂಡನ್ನು ಸಾವಿರ ಚೂರು ಮಾಡಿ ತೋರಿಸುವಂಥದ್ದು. ಪಕ್ಕದಲ್ಲಿ ತಂತಿ ಆಫೀಸಿನ ಕೀಲಿಯಂಥ ಒಂದು ಕೀಲಿ. ವಿದ್ಯಾರ್ಥಿ ಅದರ ಮೇಲೆ ಬೆರಳೊತ್ತಿ ಕೂತಿರುತ್ತಾನೆ. ಮೇಲಿಂದ ಒಂದು ಗುಂಡು ಬಿದ್ದು ‘ಟಕ್’ ಎನ್ನುತ್ತದೆ, ಗಡಿಯಾರ ಓಡತೊಡಗುತ್ತದೆ. ಸದ್ದು ಕಿವಿಗೆ ಬಿದ್ದ ಕೂಡಲೇ ಬೆರಳೆತ್ತಬೇಕು, ಗಡಿಯಾರ ನಿಲ್ಲುತ್ತದೆ. ಇದು ಒಂದು ಸಲ. ಇನ್ನೊಂದು ಸಲ, ಸದ್ದು ಕೇಳಿದ ಕೂಡಲೇ ಅಲ್ಲ, ‘ಹೌದು, ನಾನು ಸದ್ದು ಕೇಳಿದೆ’ ಎಂದು ಮನಸ್ಸಿಗೆ ಸ್ಪಷ್ಟವಾದ ಮೇಲೆ ಬೆರಳೆತ್ತಬೇಕು. ಎರಡಕ್ಕೂ ನಡುವೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ವ್ಯತ್ಯಾಸ ಬಂತು. ಕಿವಿಗೆ ಬೀಳುವುದಕ್ಕೂ ಮನಸ್ಸಿಗೆ ಬರುವುದಕ್ಕೂ ನಡುವಿನ ಅಂತರ ಅದು ಎಂದರು ಲೈಪ್ಜಿಗ್‌ನವರು. ಆ ಕಾಲಕ್ಕೆ ಇದೇನು ಸಣ್ಣ ಮಾತಲ್ಲ. ಮನಸ್ಸನ್ನು ಅಳೆಯುವುದು ಸಾಧ್ಯವೇ ಇಲ್ಲ ಎಂದು ತತ್ತ್ವಶಾಸ್ತ್ರದ ದೊಡ್ಡವರೆಲ್ಲ ಹೇಳಿ ಮುಗಿಸಿದ್ದರು.

ಇನ್ನೊಂದು ಸಾಮಾನು ಮೆಟ್ರೊನೋಮ್. ಸಂಗೀತ ಕಲಿಯುವವರು ತಾಳಕ್ಕೆ ಇಟ್ಟುಕೊಳ್ಳುವ, ಟಿಕ್ ಟಿಕ್ ಎನ್ನುವ ಯಂತ್ರ. ವುಂಟ್ ಅದರ ಮುಂದೆ ಕೂತು ತನ್ನ ಭಾವನೆಗಳನ್ನು ತಾನೇ ಗಮನಿಸಿಕೊಂಡ. ಕೆಲವು ಲಯ ಹಿತ, ಕೆಲವು ಅಹಿತ. ಮುಂದಿನ ಟಿಕ್ ಬರುವ ತನಕ ಒಂದು ಬಿಗಿ, ಬಂದ ಮೇಲೆ ಸಡಿಲು. ವೇಗ ಹೆಚ್ಚಿದರೆ ಉದ್ವೇಗ, ತಗ್ಗಿದರೆ ಜಡ. ಭಾವನೆ ಎಂಬುದೆಲ್ಲ ಈ ಮೂರು ಜೋಡಿಗಳ ಬೆರಕೆ ಎಂದು ತೀರ್ಮಾನಿಸಿದ. ಹೀಗೆ ಒಳಗೆ ಇಣುಕಿ ವರದಿ ಒಪ್ಪಿಸುವುದಕ್ಕೆ ಅಂತರವಲೋಕನ ಎನ್ನುತ್ತಾರೆ. ಈ ಮೆಟ್ರೊನೋಮನ್ನು ಜ್ಞಾಪಕದಲ್ಲಿಡಿ, ರಷ್ಯಾದಲ್ಲಿ ಮತ್ತೆ ಸಿಗುತ್ತದೆ.

ವುಂಟ್ ಬರೆದ ರಾಶಿಯನ್ನು ಆಮೇಲಿನವರು ಲೆಕ್ಕ ಹಾಕಿದ್ದಾರೆ, ಐವತ್ತು ಸಾವಿರ ಪುಟಕ್ಕೂ ಮೇಲೆ. ಅಮೆರಿಕದಿಂದ ಬಂದ ಕ್ಯಾಟೆಲ್ ಎಂಬ ಶಿಷ್ಯ, ನಿಮಗೊಬ್ಬ ಸಹಾಯಕ ಬೇಕು, ಅದು ನಾನೇ ಎಂದು ತಾನೇ ಹೇಳಿಕೊಂಡು ಕೆಲಸಕ್ಕೆ ಸೇರಿದವನು. ಗುರುವಿಗೆ ಒಂದು ಟೈಪ್‌ರೈಟರನ್ನೂ ತಂದುಕೊಟ್ಟ. ಆ ಯಂತ್ರದಿಂದಾಗಿ ವುಂಟ್ ಎರಡು ಪಟ್ಟು ಪುಸ್ತಕ ಬರೆಯುವಂತಾಯಿತಲ್ಲ, ಇದೆಂಥ ಉಪಕಾರ ಎಂದು ಒಬ್ಬ ಸಮಕಾಲೀನ ಗೊಣಗಿದನಂತೆ. ಓದಬೇಕಾದವರ ಕಷ್ಟ ಓದಬೇಕಾದವರಿಗೇ ಗೊತ್ತು.

ಇಷ್ಟಾದರೂ ಭಾಷೆ, ಆಚಾರ, ಪುರಾಣ ಇವೆಲ್ಲ ಪ್ರಯೋಗಾಲಯಕ್ಕೆ ಸಿಕ್ಕುವಂಥವಲ್ಲ, ಜನಜೀವನದಲ್ಲಿ ಹುಡುಕಬೇಕು ಎಂಬ ಎಚ್ಚರ ಅವನಿಗಿತ್ತು. ಅದಕ್ಕೆಂದೇ ಹತ್ತು ಸಂಪುಟ ಬರೆದ. ಶಿಷ್ಯ ಟಿಚನರ್‌ಗೆ ಆ ಎಚ್ಚರ ಇರಲಿಲ್ಲ. ಎಡ್ವರ್ಡ್ ಟಿಚನರ್ ಇಂಗ್ಲೆಂಡಿನವನು. ಲೈಪ್ಜಿಗ್‌ನಲ್ಲಿ ಇದ್ದದ್ದು ಎರಡೇ ವರ್ಷ, 1892ರಲ್ಲಿ ಅಮೆರಿಕದ ಕಾರ್ನೆಲ್‌ಗೆ ಹೋದ. ಗುರುವಿಗಿಂತ ಶಿಷ್ಯನೇ ಹೆಚ್ಚು ಜರ್ಮನ್ ಆದ. ಪಾಠಕ್ಕೆ ಆಕ್ಸ್‌ಫರ್ಡ್‌ನ ನಿಲುವಂಗಿ ತೊಟ್ಟೇ ಬರಬೇಕು. ಮನಸ್ಸನ್ನು ಬಿಡಿಬಿಡಿ ಮಾಡಿ ಅದರ ಮೂಲವಸ್ತುಗಳ ಪಟ್ಟಿ ತಯಾರಿಸಬೇಕು. ಹೀಗೆ ಎಣಿಸಿ 44,000ಕ್ಕೂ ಮೇಲ್ಪಟ್ಟ ಸಂವೇದನೆಗಳ ಲೆಕ್ಕ ಕೊಟ್ಟ. ಇದೇ ರಚನಾವಾದ. ಅವನ ಪ್ರಯೋಗಾಲಯದಲ್ಲಿ ನಿಮ್ಮ ಮುಂದೆ ಸೇಬು ಇಟ್ಟರೆ ‘ಸೇಬು’ ಎನ್ನುವ ಹಾಗಿಲ್ಲ. ಅದು ತಪ್ಪು. ಕೆಂಪು, ಗುಂಡಗೆ, ಹೊಳಪು, ಎಡಗಡೆ ಒಂದು ನೆರಳು ಎಂದು ಹೇಳಬೇಕು. ಹೀಗೆ ಹೇಳಲು ಜನರನ್ನು ತಿಂಗಳುಗಟ್ಟಲೆ ತಯಾರು ಮಾಡುತ್ತಿದ್ದ. ತಯಾರಾದವರು ಮೇಷ್ಟ್ರಿಗೆ ಬೇಕಾದ್ದನ್ನೇ ಕಾಣುತ್ತಿದ್ದರೋ ಏನೋ ಎಂಬ ಅನುಮಾನ ಅಂದೇ ಇತ್ತು.

1904ರಲ್ಲಿ ಅವನು ಪ್ರಯೋಗ ಮಾಡುವವರದೊಂದು ಕೂಟ ಕಟ್ಟಿದ. ಹೆಂಗಸರಿಗೆ ಪ್ರವೇಶವಿಲ್ಲ, ಏಕೆಂದರೆ ಗಂಡಸರು ಹೊಗೆಬತ್ತಿ ಸೇದುತ್ತ ಮನಬಿಚ್ಚಿ ಜಗಳವಾಡಬೇಕು. ವಿಚಿತ್ರವೆಂದರೆ ಅವನ ಕೈಕೆಳಗೆ ಮೊದಲು ಡಾಕ್ಟರೇಟ್ ಪಡೆದದ್ದು ಹೆಂಗಸೇ. ಮಾರ್ಗರೆಟ್ ವಾಷ್‌ಬರ್ನ್, 1894ರಲ್ಲಿ. ಆಕೆ ಮುಂದೆ ಪ್ರಾಣಿಗಳ ಮನಸ್ಸಿನ ಮೇಲೆ ಬರೆದ ಪುಸ್ತಕ ಟಿಚನರ್‌ನ ಪಟ್ಟಿಗಿಂತ ಹೆಚ್ಚು ಕಾಲ ಬಾಳಿತು. 1927ರಲ್ಲಿ ಟಿಚನರ್ ತೀರಿಕೊಂಡ, ಅವನ ಜೊತೆಗೇ ರಚನಾವಾದವೂ ತೀರಿಕೊಂಡಿತು. ಅವನ ಮಿದುಳನ್ನು ಮಾತ್ರ ಕಾರ್ನೆಲ್‌ನಲ್ಲಿ ಜಾಡಿಯಲ್ಲಿಟ್ಟು ಕಾಪಾಡಿದ್ದಾರೆ.

ಅಮೆರಿಕದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ, ಹಾರ್ವರ್ಡ್‌ನಲ್ಲಿ, ಇದೆಲ್ಲ ನೋಡಿ ಆಕಳಿಸುತ್ತಿದ್ದವನು ವಿಲಿಯಂ ಜೇಮ್ಸ್. ಕಾದಂಬರಿಕಾರ ಹೆನ್ರಿ ಜೇಮ್ಸ್‌ನ ಅಣ್ಣ. ಚಿತ್ರ ಬರೆಯುವುದು ಕಲಿತ, ಬಿಟ್ಟ. ರಸಾಯನಶಾಸ್ತ್ರಕ್ಕೆ ಹೋದ, ಬಿಟ್ಟ. ವೈದ್ಯ ಓದಿದ, ವೈದ್ಯಕೀಯ ಮಾಡಲಿಲ್ಲ. ಇಪ್ಪತ್ತೆಂಟರ ವಯಸ್ಸಿಗೆ ಬದುಕೇ ಬೇಡ ಎನ್ನುವಷ್ಟು ಖಿನ್ನನಾಗಿದ್ದವನು, ಮನುಷ್ಯನಿಗೆ ಸ್ವಂತ ಇಚ್ಛಾಶಕ್ತಿ ಇದೆ ಎಂದು ನಂಬುವುದೇ ನನ್ನ ಇಚ್ಛಾಶಕ್ತಿಯ ಮೊದಲ ಕೆಲಸ ಎಂದು ಡೈರಿಯಲ್ಲಿ ಬರೆದುಕೊಂಡು ಎದ್ದು ನಿಂತ. ಒಂದು ಕಡೆ ಕೂರದ ಈ ಮನುಷ್ಯನ ಪ್ರಕಾರ ಮನಸ್ಸೂ ಒಂದು ಕಡೆ ಕೂರುವುದಿಲ್ಲ, ಅದು ಹರಿಯುತ್ತಲೇ ಇರುತ್ತದೆ. ಹರಿಯುವುದನ್ನು ತುಂಡು ಮಾಡಿ ಎಣಿಸುವುದರಲ್ಲಿ ಏನರ್ಥ? ಮನಸ್ಸು ಯಾವುದರಿಂದ ಆಗಿದೆ ಎಂದು ಕೇಳಬೇಡಿ, ಅದರಿಂದ ಏನು ಉಪಯೋಗ ಎಂದು ಕೇಳಿ ಎಂದ. ಈ ಜಾಡು ಹಿಡಿದವರದು ಕಾರ್ಯವಾದ. ಷಿಕಾಗೋದಲ್ಲಿ ಜಾನ್ ಡ್ಯೂಯಿ ಮೊದಲಾದವರು ಅದನ್ನು ಬೆಳೆಸಿದರು, ಅಲ್ಲಿಂದ ಅದು ಶಾಲೆಗಳಿಗೆ ನುಗ್ಗಿತು. ನಮ್ಮ ಬಿ.ಎಡ್. ಪಠ್ಯದಲ್ಲಿ ‘ಮಾಡಿ ಕಲಿ’ ಎಂಬ ಮಾತು ಇಷ್ಟು ಸಲ ಬರಲು ಡ್ಯೂಯಿಯೇ ಕಾರಣ.

ಜೇಮ್ಸ್ ಪ್ರಕಾಶಕರಿಗೆ ಪುಸ್ತಕ ಬರೆದುಕೊಡುತ್ತೇನೆ ಎಂದು 1878ರಲ್ಲಿ ಒಪ್ಪಿಕೊಂಡ. ಕೊಟ್ಟದ್ದು 1890ರಲ್ಲಿ. ಕೊಡುವಾಗಲೂ ಇದೊಂದು ನೀರು ತುಂಬಿ ಊದಿಕೊಂಡ ದೇಹ ಎಂಬ ಅರ್ಥದಲ್ಲಿ ತನ್ನ ಪುಸ್ತಕವನ್ನು ತಾನೇ ಬೈದುಕೊಂಡ. ಪ್ರಯೋಗಾಲಯದ ಉಸಾಬರಿಯೂ ಬೇಡವಾಗಿ, ಅದನ್ನು ನೋಡಿಕೊಳ್ಳಲು ಜರ್ಮನಿಯಿಂದ ಮ್ಯುನ್‌ಸ್ಟರ್‌ಬರ್ಗ್‌ನನ್ನು ಕರೆಸಿಕೊಂಡ. ಆದರೆ ಬೇರೆಯವರ ಹುಚ್ಚಿಗೆ ಅವನಷ್ಟು ಜಾಗ ಕೊಟ್ಟವರಿಲ್ಲ. ಥಾರ್ನ್‌ಡೈಕ್ ಎಂಬ ಹುಡುಗ ಕೋಳಿಮರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ, ಬಾಡಿಗೆ ಮನೆಯ ಯಜಮಾನಿ ಬೈದು ಹೊರಗೆ ಹಾಕಿದಳು. ವಿಶ್ವವಿದ್ಯಾಲಯದಲ್ಲಿ ಜಾಗ ಸಿಗಲಿಲ್ಲ. ಜೇಮ್ಸ್ ತನ್ನ ಮನೆಯ ನೆಲಮಾಳಿಗೆಯನ್ನೇ ಬಿಟ್ಟುಕೊಟ್ಟ, ಮಕ್ಕಳಿಗೆ ಹಬ್ಬವೋ ಹಬ್ಬ. ಥಾರ್ನ್‌ಡೈಕ್ ಆಮೇಲೆ ನ್ಯೂಯಾರ್ಕಿಗೆ ಹೋಗಿ ಬೆಕ್ಕನ್ನು ಪೆಟ್ಟಿಗೆಯಲ್ಲಿ ಕೂಡಿದ. ಗೈಡಿನಲ್ಲಿ ಬೆಕ್ಕಿದೆ, ಕೋಳಿಮರಿ ಬಿಟ್ಟುಹೋಗಿದೆ. 1896ರಲ್ಲಿ ಹಾರ್ವರ್ಡ್‌ಗೆ ಬಂದು ಮಾತಾಡಿದ ಸ್ವಾಮಿ ವಿವೇಕಾನಂದರನ್ನೂ ಜೇಮ್ಸ್ ಅಷ್ಟೇ ಕುತೂಹಲದಿಂದ ಕೇಳಿದ. ಧಾರ್ಮಿಕ ಅನುಭವಗಳ ಮೇಲೆ ಮುಂದೆ ಬರೆದ ಪುಸ್ತಕದಲ್ಲಿ ಅವರ ಮಾತುಗಳನ್ನು ಉದ್ಧರಿಸಿದ.

ಇನ್ನು ಕುದುರೆಯ ಕತೆ. ಯಾವ ಗೈಡಿನಲ್ಲೂ ಇರುವುದಿಲ್ಲ, ಇರಬೇಕಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ವಾನ್ ಓಸ್ಟೆನ್ ಎಂಬ ನಿವೃತ್ತ ಗಣಿತದ ಮೇಷ್ಟ್ರು ತನ್ನ ಕುದುರೆ ಹಾನ್ಸ್‌ಗೆ ಲೆಕ್ಕ ಕಲಿಸಿದ್ದ. ಕೂಡು, ಕಳೆ, ಭಾಗಿಸು ಏನೇ ಕೇಳಿದರೂ ಅದು ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಊರಿಗೆ ಊರೇ ಸೇರಿತು. 1904ರಲ್ಲಿ ಪರೀಕ್ಷೆಗೆ ಒಂದು ಸಮಿತಿ ಕೂತು, ಮೋಸವೇನೂ ಇಲ್ಲ ಎಂದು ಹೇಳಿತು. ಸಮಿತಿಯ ಹಿರಿಯ ಕಾರ್ಲ್ ಸ್ಟುಂಫ್, ಬರ್ಲಿನ್‌ನ ಮನಶ್ಶಾಸ್ತ್ರದ ಪ್ರಾಧ್ಯಾಪಕ. ಅವನ ಕೈಕೆಳಗಿನ ಫುಂಗ್ಸ್ಟ್ ಎಂಬವನಿಗೆ ಸಮಾಧಾನವಾಗಲಿಲ್ಲ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಂತೆ ಮಾಡಿ ನೋಡಿದ. ಕುದುರೆ ಪೂರ್ತಿ ಫೇಲು! ಗೊರಸಿನ ಎಣಿಕೆ ಸರಿಯುತ್ತರಕ್ಕೆ ಬಂದ ಕ್ಷಣ ಕೇಳಿದವನ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಮೋಸ ಯಾರದೂ ಅಲ್ಲ. ಮೇಷ್ಟ್ರಿಗೂ ತನ್ನ ತಲೆ ಅಲುಗುವುದು ಗೊತ್ತಿರಲಿಲ್ಲ. ಇದರ ವರದಿ 1907ರಲ್ಲಿ ಬಂತು. ಕೇಳುವವನ ಆಸೆ ಉತ್ತರದೊಳಗೆ ನುಸುಳುತ್ತದೆ ಎಂಬುದು ಅಂದಿನಿಂದ ಇಂದಿನವರೆಗೆ ಎಲ್ಲ ಪ್ರಯೋಗಗಳಿಗೂ ಪಾಠ. ವಾನ್ ಓಸ್ಟೆನ್ ಮಾತ್ರ ಒಪ್ಪದೆ, ಕುದುರೆಯ ಮೇಲೆ ಸಿಟ್ಟಾಗಿಯೇ 1909ರಲ್ಲಿ ಸತ್ತ. ಟಿಚನರ್‌ನ ಸೇಬಿನ ಕತೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ.

ಈ ಸ್ಟುಂಫ್ ಸಂಗೀತಗಾರ, ಬಾಲ್ಯದಿಂದ ವಾದ್ಯಗಳನ್ನು ನುಡಿಸಿ ಬೆಳೆದವನು. ಸ್ವರಗಳ ವಿಷಯದಲ್ಲಿ ಅವನಿಗೂ ವುಂಟ್‌ಗೂ ದೊಡ್ಡ ಜಗಳವೇ ನಡೆಯಿತು. ಪ್ರಯೋಗದಲ್ಲಿ ಕಂಡದ್ದೇ ಸರಿ ಎಂದು ವುಂಟ್, ಪಳಗಿದ ಕಿವಿ ಹೇಳುವುದೇ ಸರಿ ಎಂದು ಸ್ಟುಂಫ್. ನನ್ನ ವೋಟು ಸ್ಟುಂಫ್‌ಗೆ. ಅವನ ಹತ್ತಿರ ಓದಿದ ಮೂವರು, ವರ್ದೈಮರ್, ಕೊಹ್ಲರ್, ಕೋಫ್ಕಾ, ಗೆಸ್ಟಾಲ್ಟ್ ಎಂಬ ಪಂಥ ಕಟ್ಟಿದ್ದು ಆಕಸ್ಮಿಕವಲ್ಲ. ಅವರ ಮಾತು ಕಛೇರಿಗೆ ಹೋಗುವ ಯಾರಿಗೂ ಅರ್ಥವಾಗುತ್ತದೆ. ಒಂದೇ ಕೃತಿಯನ್ನು ಗಂಡಸಿನ ಶ್ರುತಿಯಲ್ಲಿ ಹಾಡಿದರೆ ಒಂದು ಎತ್ತರ, ಹೆಂಗಸಿನ ಶ್ರುತಿಯಲ್ಲಿ ಹಾಡಿದರೆ ಇನ್ನೊಂದು. ಒಂದೊಂದು ಸ್ವರದ ಕಂಪನವೂ ಬೇರೆಯಾದರೂ ‘ಇದು ಮೋಹನ’ ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಹಾಗಿದ್ದ ಮೇಲೆ ಬಿಡಿಬಿಡಿ ಸಂವೇದನೆಗಳನ್ನು ಎಣಿಸಿ ಕೂಡಿಸಿದರೆ ರಾಗ ಎಲ್ಲಿಂದ ಬರುತ್ತದೆ? 

1910ರಲ್ಲಿ ವರ್ದೈಮರ್ ರೈಲಿನಲ್ಲಿ ರಜೆಗೆ ಹೊರಟಿದ್ದ. ಒಂದು ವಿಚಾರ ತಲೆಗೆ ಬಂತು, ರಜೆ ಬಿಟ್ಟು ಫ್ರಾಂಕ್‌ಫರ್ಟ್‌ನಲ್ಲಿ ಇಳಿದುಬಿಟ್ಟ. ಆಟದ ಸಾಮಾನಿನ ಅಂಗಡಿಯಲ್ಲಿ ಚಿತ್ರ ತಿರುಗಿಸುವ ಒಂದು ಆಟಿಕೆ ಕೊಂಡು ಹೋಟೆಲು ಕೋಣೆಯಲ್ಲಿ ಪರೀಕ್ಷೆ ಶುರುಮಾಡಿದ. ಎರಡು ಗೆರೆಗಳನ್ನು ತಕ್ಕಷ್ಟು ಅಂತರದಲ್ಲಿ ಒಂದಾದ ಮೇಲೊಂದು ತೋರಿಸಿದರೆ ಕಣ್ಣಿಗೆ ಕಾಣುವುದು ಎರಡು ಗೆರೆಗಳಲ್ಲ, ಒಂದೇ ಗೆರೆಯ ಓಟ. ಓಡುವಂಥದ್ದು ಅಲ್ಲಿ ಏನೂ ಇಲ್ಲ! ಸಿನಿಮಾ ನೋಡುವಾಗ ನಾವೆಲ್ಲ ಕಾಣುವುದು ಇದನ್ನೇ. ಆ ಪ್ರಯೋಗದಲ್ಲಿ ಕೂತು ನೋಡಿದವರು ಕೊಹ್ಲರ್ ಮತ್ತು ಕೋಫ್ಕಾ, ಪ್ರಬಂಧ ಬಂದದ್ದು 1912ರಲ್ಲಿ. ಕೊಹ್ಲರ್ ಮಾರನೆಯ ವರ್ಷ ಟೆನೆರಿಫ್ ದ್ವೀಪಕ್ಕೆ ವಾನರಗಳನ್ನು ನೋಡಲು ಹೋಗಿ, ಮಹಾಯುದ್ಧದಿಂದಾಗಿ ಅಲ್ಲೇ ಸಿಕ್ಕಿಕೊಂಡ. ಅಲ್ಲಿನ ಸುಲ್ತಾನ್ ಎಂಬ ಚಿಂಪಾಂಜಿ ಎರಡು ಕೋಲುಗಳನ್ನು ಒಂದಕ್ಕೊಂದು ಸಿಕ್ಕಿಸಿ ಬಾಳೆಹಣ್ಣು ಎಳೆದುಕೊಂಡಿತು, ಅದೇ ಗೈಡಿನ ಚಿಂಪಾಂಜಿ. ಗೈಡು ಹೇಳದ ಸಂಗತಿ ಒಂದಿದೆ. 1933ರಲ್ಲಿ ನಾಜಿಗಳು ಯೆಹೂದಿ ಪ್ರಾಧ್ಯಾಪಕರನ್ನು ಹೊರಹಾಕತೊಡಗಿದಾಗ, ತಾನು ಯೆಹೂದಿಯಲ್ಲದಿದ್ದರೂ ಕೊಹ್ಲರ್ ಪತ್ರಿಕೆಯಲ್ಲಿ ಬಹಿರಂಗವಾಗಿ ವಿರೋಧಿಸಿ ಬರೆದ. ಎರಡು ವರ್ಷದ ಮೇಲೆ ದೇಶ ಬಿಟ್ಟ. ಚಿಂಪಾಂಜಿಗೆ ಕೊಡುವ ಒಂದು ಅಂಕದಲ್ಲಿ ಅರ್ಧವನ್ನು ಇದಕ್ಕೆ ಕೊಡಬಹುದು.

ಈಗ ಮೆಟ್ರೊನೋಮ್. ರಷ್ಯಾದ ಪಾವ್ಲೋವ್ ಎಂದರೆ ಎಲ್ಲರಿಗೂ ಗಂಟೆ ನೆನಪಾಗುತ್ತದೆ. ಆದರೆ ಅವನ ಪ್ರಯೋಗಾಲಯದಲ್ಲಿ ಗಂಟೆಗಿಂತ ಹೆಚ್ಚು ಕೆಲಸ ಮಾಡಿದ್ದು ಮೆಟ್ರೊನೋಮ್, ಬಜರ್‌ಗಳಂಥವು. ಲೈಪ್ಜಿಗ್‌ನಲ್ಲಿ ಅದೇ ಯಂತ್ರವನ್ನಿಟ್ಟು ‘ನಿನಗೇನನಿಸುತ್ತದೆ?’ ಎಂದು ಕೇಳಿದರು. ಪೀಟರ್ಸ್‌ಬರ್ಗ್‌ನಲ್ಲಿ ಅದೇ ಯಂತ್ರವನ್ನಿಟ್ಟು ‘ಜೊಲ್ಲು ಎಷ್ಟು ಹನಿ?’ ಎಂದು ಎಣಿಸಿದರು. ಎರಡು ಪಂಥಗಳ ನಡುವಿನ ದೂರ ಅಷ್ಟೇ. ಪಾವ್ಲೋವ್ ಮೂಲತಃ ಜೀರ್ಣಾಂಗಗಳ ತಜ್ಞ, 1904ರ ನೊಬೆಲ್ ಬಂದದ್ದೂ ಅದಕ್ಕೇ. ನಾಯಿಗಳ ಜಠರರಸವನ್ನು ಅಜೀರ್ಣಕ್ಕೆ ಔಷಧಿಯಾಗಿ ಮಾರಿ ಪ್ರಯೋಗಾಲಯದ ಖರ್ಚಿಗೆ ಹಣ ಮಾಡಿದ ಜಾಣ. ‘ನಾಯಿಗೆ ಅನಿಸಿತು’, ‘ನಾಯಿ ಬಯಸಿತು’ ಎಂದು ಯಾರಾದರೂ ಸಹಾಯಕರು ಬಾಯಿತಪ್ಪಿ ಹೇಳಿದರೆ ದಂಡ ಹಾಕುತ್ತಿದ್ದನಂತೆ. ತಾನು ಮನಶ್ಶಾಸ್ತ್ರಜ್ಞನೇ ಅಲ್ಲ ಎಂಬುದು ಅವನ ಹಠ. ನಾವು ಕೇಳಲಿಲ್ಲ, ಪಠ್ಯದ ಮೊದಲ ಅಧ್ಯಾಯದಲ್ಲೇ ಕೂರಿಸಿಕೊಂಡೆವು.

ಅಮೆರಿಕದ ಜಾನ್ ವಾಟ್ಸನ್ 1913ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮನಸ್ಸು, ಪ್ರಜ್ಞೆ, ಅಂತರವಲೋಕನ ಎಲ್ಲ ಗುಡಿಸಿ ಹಾಕಿ, ಕಣ್ಣಿಗೆ ಕಾಣುವ ವರ್ತನೆ ಒಂದೇ ಶಾಸ್ತ್ರಕ್ಕೆ ಸಾಕು ಎಂದು ಘೋಷಿಸಿದ. ವರ್ತನಾವಾದ ಹುಟ್ಟಿತು. ವಾಟ್ಸನ್‌ನ ತಾಯಿ ಮಹಾ ದೈವಭಕ್ತೆ. ಮಗ ಧರ್ಮಬೋಧಕನಾಗಲಿ ಎಂದು ಒಬ್ಬ ಪ್ರಸಿದ್ಧ ಬೋಧಕನ ಹೆಸರನ್ನೇ ಇಟ್ಟಿದ್ದಳು. ಇಲ್ಲೊಂದು ತಮಾಷೆ ಇದೆ. ವುಂಟ್ ಪಾದ್ರಿಯ ಮಗ. ಅವನಿಗಿಂತ ಮುಂಚೆ ಸಂವೇದನೆಯ ಗಣಿತ ಮಾಡಿದ ಫೆಕ್ನರ್ ಪಾದ್ರಿಯ ಮಗ. ಪಾವ್ಲೋವ್ ಪಾದ್ರಿಯ ಮಗ, ತಾನೂ ಮೊದಲು ಸೆಮಿನರಿಯಲ್ಲಿ ಓದಿದವನು. ಸ್ವಿಸ್ ಮನೋವೈದ್ಯ ಯೂಂಗ್ ಪಾದ್ರಿಯ ಮಗ. ಮುಂದೆ ಬರಲಿರುವ ಕಾರ್ಲ್ ರಾಜರ್ಸ್ ಪಾದ್ರಿಯಾಗಲು ಹೋಗಿ ನಡುವೆ ಎದ್ದು ಬಂದವನು. ಆತ್ಮದ ಕೆಲಸ ಮಾಡುತ್ತಿದ್ದ ಮನೆಗಳ ಹುಡುಗರು ಆತ್ಮವನ್ನು ಬಿಟ್ಟು ಮನಸ್ಸನ್ನು ಹಿಡಿದರು, ಬೋಧನೆ ಮಾಡುವ ಚಟ ಮಾತ್ರ ಬಿಡಲಿಲ್ಲ. ವಾಟ್ಸನ್‌ನ ಘೋಷಣೆಯನ್ನು ಓದಿದರೆ ಭಾನುವಾರದ ಪ್ರವಚನದ ಧಾಟಿಯೇ ಕಿವಿಗೆ ಬೀಳುತ್ತದೆ.

ಬೋಧನೆಯ ಕತೆ ಮುಂದೆ ಕೆಟ್ಟಿತು. 1920ರಲ್ಲಿ ಪ್ರಕಟವಾದ ಅವನ ಪ್ರಯೋಗದಲ್ಲಿ ಹನ್ನೊಂದು ತಿಂಗಳ ಒಂದು ಮಗು, ಅದರ ಮುಂದೆ ಬಿಳಿ ಇಲಿ. ಮಗು ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸಲಾಕೆಗೆ ಸುತ್ತಿಗೆಯಿಂದ ಹೊಡೆದರು. ಕೆಲವು ಸಲಕ್ಕೇ ಮಗು ಇಲಿ ಕಂಡರೆ ಅಳತೊಡಗಿತು, ಆಮೇಲೆ ಮೊಲ ಕಂಡರೂ. ಆ ಹೆದರಿಕೆ ಬಿಡಿಸುವ ಮುನ್ನ ತಾಯಿ ಮಗುವನ್ನು ಕರೆದುಕೊಂಡು ಹೋದಳು. ಇದನ್ನು ನಮ್ಮ ಪಠ್ಯಗಳು ‘ಪ್ರಸಿದ್ಧ ಪ್ರಯೋಗ’ ಎಂದು ಬರೆಯುತ್ತವೆ, ನಾಚಿಕೆಗೇಡು ಎಂದು ಬರೆಯುವುದಿಲ್ಲ. ಅದೇ ವರ್ಷ ಸಹಾಯಕಿಯ ಜೊತೆಗಿನ ಪ್ರೇಮಪ್ರಕರಣದಿಂದ ವಾಟ್ಸನ್ ಕೆಲಸ ಕಳೆದುಕೊಂಡು, ನ್ಯೂಯಾರ್ಕ್‌ನ ಜಾಹೀರಾತು ಕಂಪನಿ ಸೇರಿದ. ಗಿರಾಕಿಗಳನ್ನು ಅರಿಯಲು ಅಂಗಡಿಯ ಕೌಂಟರಿನಲ್ಲೂ ನಿಂತ. 1928ರಲ್ಲಿ ಶಿಶುಪಾಲನೆಯ ಪುಸ್ತಕ ಬರೆದು, ಮಕ್ಕಳನ್ನು ಅಪ್ಪಬೇಡಿ, ಮುತ್ತಿಡಬೇಡಿ, ಬೆಳಿಗ್ಗೆ ಎದ್ದಾಗ ಕೈ ಕುಲುಕಿ ಎಂದು ತಾಯಂದಿರಿಗೆ ಉಪದೇಶಿಸಿದ. ನಮ್ಮ ಅಜ್ಜಿಯ ಕೈಗೆ ಸಿಕ್ಕಿದ್ದರೆ ಅವನಿಗೆ ಮೊದಲು ಎರಡು ತುತ್ತು ಅನ್ನ ಕಲಸಿ ಹಾಕಿ ಆಮೇಲೆ ಬೈಯುತ್ತಿದ್ದರು.

ಸ್ಕಿನ್ನರ್ ಇಷ್ಟು ಕಟುವಲ್ಲ. ಕಾದಂಬರಿಕಾರನಾಗಬೇಕೆಂದು ಒಂದು ವರ್ಷ ಮನೆಯಲ್ಲಿ ಕೂತು, ಬರೆಯಲು ಏನೂ ಇಲ್ಲ ಎಂದು ಗೊತ್ತಾಗಿ ಎದ್ದವನು. ಹೇಳಲು ಒಳಗೆ ಏನೂ ಸಿಗದಿದ್ದವನು ಒಳಗೆ ನೋಡುವುದೇ ಬೇಡ ಎಂದದ್ದರಲ್ಲಿ ಆಶ್ಚರ್ಯವಿಲ್ಲ. ಬಾಲ್ಯದಿಂದಲೂ ಏನಾದರೊಂದು ಯಂತ್ರ ಕಟ್ಟುವ ಹುಚ್ಚು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಮೂತಿಯೊಳಗೆ ಪಾರಿವಾಳಗಳನ್ನು ಕೂರಿಸಿ, ಅವು ಕೊಕ್ಕಿನಿಂದ ಕುಟ್ಟಿ ಗುರಿಯತ್ತ ತಿರುಗಿಸುವಂತೆ ತರಬೇತಿ ಕೊಟ್ಟ. ಪಾರಿವಾಳಗಳು ಪಾಸಾದವು, ಯೋಜನೆ ಪರಿಶೀಲಿಸಿದವರು ನಕ್ಕು ಕಳಿಸಿದರು. 1948ರಲ್ಲಿ ಅವನು ಮಾಡಿದ ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಪಾರಿವಾಳ ಏನು ಮಾಡಿದರೂ ಬಿಟ್ಟರೂ, ನಿಗದಿತ ಹೊತ್ತಿಗೊಮ್ಮೆ ಕಾಳು ತಾನಾಗಿ ಬೀಳುವಂತೆ ಇಟ್ಟ. ಕಾಳು ಬಿದ್ದಾಗ ಒಂದು ಹಕ್ಕಿ ಪ್ರದಕ್ಷಿಣೆ ಹಾಕುತ್ತಿತ್ತು, ಅಂದಿನಿಂದ ಅದಕ್ಕೆ ಪ್ರದಕ್ಷಿಣೆಯೇ ಗತಿ. ಇನ್ನೊಂದು ತಲೆ ಆಡಿಸುವುದನ್ನು ಹಿಡಿದುಕೊಂಡಿತು. ವಿಶ್ವಕಪ್ ಪಂದ್ಯದ ಹೊತ್ತಿಗೆ ಸೋಫಾದ ಎಡತುದಿಯಿಂದ ಯಾರನ್ನೂ ಏಳಗೊಡದ ನಮ್ಮ ಮನೆಯವರನ್ನು ನೋಡಿದಾಗ ಆ ಪಾರಿವಾಳಗಳ ಮೇಲೆ ಗೌರವ ಬರುತ್ತದೆ.

ಫ್ರಾಯ್ಡ್‌ನನ್ನು ಇಷ್ಟು ಹೊತ್ತು ಹೊರಗೆ ಕೂರಿಸಿದ್ದಕ್ಕೆ ಕ್ಷಮೆ ಬೇಡುವುದಿಲ್ಲ, ಅವನಿಗೆ ಯಾವಾಗಲೂ ಒಳಗೆ ಜಾಗ ಜಾಸ್ತಿಯೇ ಸಿಕ್ಕಿದೆ. ವಿಯೆನ್ನಾದ ಬೆರ್ಗ್‌ಗಾಸೆ 19ನೇ ನಂಬರಿನ ಮನೆಯಲ್ಲಿದ್ದ ಆ ಸುಪ್ರಸಿದ್ಧ ಮಂಚ ರೋಗಿಯೊಬ್ಬಳು ಕೃತಜ್ಞತೆಯಿಂದ ಕೊಟ್ಟ ಕಾಣಿಕೆ. ರೋಗಿ ಅದರ ಮೇಲೆ ಮಲಗಬೇಕು, ಡಾಕ್ಟರು ತಲೆಯ ಹಿಂದೆ, ಕಣ್ಣಿಗೆ ಬೀಳದಂತೆ ಕೂರಬೇಕು. ಇದಕ್ಕೆ ಶಾಸ್ತ್ರೀಯ ಕಾರಣಗಳನ್ನು ಎಷ್ಟೋ ಜನ ಬರೆದಿದ್ದಾರೆ. ಫ್ರಾಯ್ಡ್ ಮಾತ್ರ ನೇರವಾಗಿ ಹೇಳಿಕೊಂಡಿದ್ದಾನೆ, ದಿನಕ್ಕೆ ಎಂಟು ಗಂಟೆ ಜನ ನನ್ನ ಮುಖವನ್ನೇ ದಿಟ್ಟಿಸಿದರೆ ನನಗೆ ಸಹಿಸಲಾಗುವುದಿಲ್ಲ ಎಂದು. ಒಬ್ಬ ಮನುಷ್ಯನ ಸಂಕೋಚ ಜಗತ್ತಿನ ಒಂದು ಚಿಕಿತ್ಸಾಪದ್ಧತಿಯೇ ಆಯಿತು. ಕನಸುಗಳ ಮೇಲೆ ಅವನು ಬರೆದ ಗ್ರಂಥದ 600 ಪ್ರತಿ ಮಾರಾಟವಾಗಲು ಎಂಟು ವರ್ಷ ಹಿಡಿಯಿತು. ಕನ್ನಡದ ಲೇಖಕರು ಇದನ್ನು ಓದಿ ಸಮಾಧಾನ ಮಾಡಿಕೊಳ್ಳಬಹುದು.

ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್ 1922ರಲ್ಲಿ ಭಾರತದ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಫ್ರಾಯ್ಡ್‌ನೊಂದಿಗೆ ವರ್ಷಗಟ್ಟಲೆ ಪತ್ರವ್ಯವಹಾರ, ಮುಖತಃ ಭೇಟಿಯೇ ಇಲ್ಲ. ಫ್ರಾಯ್ಡ್ ಹೇಗಿರಬಹುದೆಂದು ಊಹಿಸಿ ಕಲಾವಿದ ಮಿತ್ರರಿಂದ ಚಿತ್ರ ಬರೆಸಿ ಕಳಿಸಿದರು. 75ನೇ ಹುಟ್ಟುಹಬ್ಬಕ್ಕೆ ದಂತದ ವಿಷ್ಣುವಿನ ವಿಗ್ರಹ ಹೋಯಿತು. ನಾಸ್ತಿಕನ ಮೇಜಿನ ಮೇಲೆ ಕೂತ ಆ ವಿಷ್ಣು ಈಗಲೂ ಲಂಡನ್ನಿನ ಫ್ರಾಯ್ಡ್ ಮ್ಯೂಸಿಯಂನಲ್ಲಿದ್ದಾನೆ. ಬೋಸರು ಹೊಗಳುಭಟರಲ್ಲ. ನಮ್ಮ ಕಡೆಯ ರೋಗಿಗಳ ಮನಸ್ಸು ನಿಮ್ಮ ಸಿದ್ಧಾಂತಕ್ಕೆ ಪೂರ್ತಿ ಹೊಂದುವುದಿಲ್ಲ ಎಂದು ಗುರುವಿಗೇ ಬರೆದವರು.

ಕಲ್ಕತ್ತೆಯಿಂದ ಮೈಸೂರಿಗೆ ಒಂದು ದಾರಿ ಇದೆ. ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮ ರೂಪಿಸಿದ ಬ್ರಜೇಂದ್ರನಾಥ ಸೀಲರು 1921ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಬಂದರು. ಅವರ ಕಾಲದಲ್ಲೇ, 1924ರಲ್ಲಿ, ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದರ ಮುಖ್ಯಸ್ಥರು ಎಂ.ವಿ. ಗೋಪಾಲಸ್ವಾಮಿ. ಅವರು ಲಂಡನ್ನಿನಲ್ಲಿ ಓದಿದ್ದು ಸ್ಪಿಯರ್‌ಮನ್ ಹತ್ತಿರ. ಸ್ಪಿಯರ್‌ಮನ್ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಅದನ್ನು ಬಿಟ್ಟು ಲೈಪ್ಜಿಗ್‌ಗೆ ಹೋಗಿ ವುಂಟ್‌ನ ಶಿಷ್ಯನಾದವನು. ಹೀಗೆ ಗುರುಪರಂಪರೆ ನೋಡಿದರೆ ಮಹಾರಾಜ ಕಾಲೇಜಿನ ಹುಡುಗರು ವುಂಟ್‌ನ ಮರಿಮಕ್ಕಳು.

ಗೋಪಾಲಸ್ವಾಮಿಯವರ ಹೆಸರು ಈಗ ಜನಕ್ಕೆ ಗೊತ್ತಿರುವುದು ಬೇರೆ ಕಾರಣಕ್ಕೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರೇಷಕ ಯಂತ್ರ ಇಟ್ಟು ರೇಡಿಯೋ ಪ್ರಸಾರ ಆರಂಭಿಸಿದರು. ಅದರ ಹೆಸರು ‘ಆಕಾಶವಾಣಿ’. ಆ ಹೆಸರು ಆಮೇಲೆ ಇಡೀ ದೇಶದ ರೇಡಿಯೋಕ್ಕೆ ಆಯಿತು. ಮನಸ್ಸಿನ ಮೇಷ್ಟ್ರು ರೇಡಿಯೋ ಏಕೆ ಮಾಡಿದರು ಎಂದು ಕೇಳುವವರಿಗೆ, ವುಂಟ್‌ನ ಪರಂಪರೆಯವರಿಗೆ ಯಂತ್ರದ ಮೋಹ ರಕ್ತದಲ್ಲೇ ಬಂದದ್ದು ಎನ್ನುವುದೇ ನನ್ನ ಉತ್ತರ. (ಬೆಂಗಳೂರಿನ ಎಂ.ವಿ. ಗೋವಿಂದಸ್ವಾಮಿ ಬೇರೆ. ಅವರು ಮನೋವೈದ್ಯರು. 1954ರಲ್ಲಿ ಅಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿದವರು. ಅದೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರು ಹತ್ತಿರವಿರುವುದರಿಂದ ಅದಲುಬದಲು ಮಾಡುವವರಿದ್ದಾರೆ. ಟಿಇಟಿಯಲ್ಲಿ ಇನ್ನೂ ಕೇಳಿಲ್ಲ, ಪುಣ್ಯ.)

ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಹೊರಬಂದವರಲ್ಲಿ ಅನಸೂಯಾ ಎಂಬ ಹುಡುಗಿಯೂ ಇದ್ದಳು. ನಾವು ಅವರನ್ನು ತ್ರಿವೇಣಿ ಎಂದು ಬಲ್ಲೆವು. ಅವರ ಕಾದಂಬರಿ ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಹೋಗಿದೆ, ಆದರೆ ಅವಳು ಜೋರಾಗಿ ನಕ್ಕರೂ ಸುಮ್ಮನೆ ಕೂತರೂ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆ ನೋಟವೇ ಅವಳನ್ನು ಹಿಂದಕ್ಕೆ ಅಟ್ಟುತ್ತದೆ. ಬರ್ಲಿನ್‌ನ ಕುದುರೆ ಓದಿದ್ದೂ ಇಂಥ ನೋಟವನ್ನೇ. ಲೈಪ್ಜಿಗ್‌ನ ಗಡಿಯಾರಕ್ಕೆ, ಸ್ಕಿನ್ನರ್‌ನ ಪೆಟ್ಟಿಗೆಗೆ ಸಿಕ್ಕದ್ದನ್ನು 35ನೇ ವಯಸ್ಸು ತುಂಬುವ ಹೊತ್ತಿಗೆ ತೀರಿಕೊಂಡ ಒಬ್ಬ ಹೆಣ್ಣುಮಗಳು ಮೈಸೂರಿನಲ್ಲಿ ಕೂತು ಬರೆದುಬಿಟ್ಟರು. ಮನಸ್ಸಿನ ಬಗ್ಗೆ ಕನ್ನಡದಲ್ಲಿ ಬರೆದ ಇನ್ನೊಬ್ಬರು ಡಾ. ಎಂ. ಶಿವರಾಂ, ನಮ್ಮ ‘ರಾಶಿ’. ‘ಕೊರವಂಜಿ’ ಪತ್ರಿಕೆಯಲ್ಲಿ ನಾಡನ್ನೇ ನಗಿಸಿದ ಡಾಕ್ಟರು ‘ಮನಮಂಥನ’ ಬರೆದರು, 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನಸ್ಸಿನ ಕಾಯಿಲೆಯ ಬಗ್ಗೆ ಬರೆಯಲು ಹಾಸ್ಯಗಾರನೇ ಸರಿಯಾದ ಮನುಷ್ಯ ಎಂದು ಅಕಾಡೆಮಿಗಾದರೂ ಹೊಳೆದದ್ದು ಸಂತೋಷ.

ಆಮೇಲಿನ ಪಂಥಗಳನ್ನು ಬೇಗ ಮುಗಿಸುತ್ತೇನೆ. ಮಾಸ್ಲೊ 1943ರಲ್ಲಿ ಮನುಷ್ಯನ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿದ. ಬೆಂಗಳೂರಿನ ಕಂಪನಿಗಳ ತರಬೇತಿಯಲ್ಲಿ ತಪ್ಪದೇ ತೋರಿಸುವ ಆ ಪಿರಮಿಡ್ಡನ್ನು ಅವನು ಬರೆದದ್ದೇ ಅಲ್ಲ, ಮ್ಯಾನೇಜ್‌ಮೆಂಟಿನವರು ಆಮೇಲೆ ಎಳೆದ ಗೆರೆ. ರಾಜರ್ಸ್ ರೋಗಿಗೆ ಬುದ್ಧಿ ಹೇಳುವುದನ್ನು ಬಿಟ್ಟು ಕೇಳಿಸಿಕೊಳ್ಳುವುದನ್ನು ಶುರುಮಾಡಿದ. ಇವರದು ಮಾನವತಾವಾದ. 1956ರಲ್ಲಿ ಜಾರ್ಜ್ ಮಿಲ್ಲರ್, ಏಳು ಎಂಬ ಅಂಕಿ ತನ್ನ ಬೆನ್ನು ಬಿಡುತ್ತಿಲ್ಲ ಎಂದು ಅಲವತ್ತುಕೊಳ್ಳುತ್ತಲೇ, ನಮ್ಮ ತಲೆಯಲ್ಲಿ ಏಕಕಾಲಕ್ಕೆ ಏಳು ಸಂಗತಿಗಳ ಆಸುಪಾಸು ಮಾತ್ರ ನಿಲ್ಲುತ್ತವೆ ಎಂದ. ಮೂರು ವರ್ಷದ ಮೇಲೆ ಚಾಮ್‌ಸ್ಕಿ ಸ್ಕಿನ್ನರ್‌ನ ಭಾಷಾಪುಸ್ತಕವನ್ನು ವಿಮರ್ಶೆಯಲ್ಲಿ ಕುಟ್ಟಿ ಪುಡಿ ಮಾಡಿದ. ವಾಟ್ಸನ್ ಗುಡಿಸಿ ಹಾಕಿದ್ದ ಮನಸ್ಸು ಕಂಪ್ಯೂಟರಿನ ವೇಷದಲ್ಲಿ ಒಳಗೆ ಬಂತು. ಅದು ಸಂಜ್ಞಾನ ಪಂಥ, ಈಗಲೂ ಅದರದೇ ದರ್ಬಾರು.

ಶಾಖೆಗಳಂತೂ ವರ್ಷಕ್ಕೊಂದು ಚಿಗುರುತ್ತವೆ. ಇಂದಿನ ಕ್ಲಿನಿಕ್‌ಗಳ ಮೂಲ ಹುಡುಕಿದರೆ 1896ರ ಫಿಲಡೆಲ್ಫಿಯಾದಲ್ಲಿ ಒಬ್ಬ ಶಾಲಾ ಶಿಕ್ಷಕಿ ಸಿಗುತ್ತಾಳೆ. ಜಾಣನಾದರೂ ಕಾಗುಣಿತ ಬಾರದ ಒಬ್ಬ ಹುಡುಗನನ್ನು ಕರೆದುಕೊಂಡು ವಿಟ್ಮರ್ ಎಂಬ ಪ್ರಾಧ್ಯಾಪಕನ ಬಾಗಿಲು ತಟ್ಟಿದವಳು. ನಿಮ್ಮ ಶಾಸ್ತ್ರ ಇದಕ್ಕೆ ಏನಾದರೂ ಪ್ರಯೋಜನಕ್ಕೆ ಬರುತ್ತದೆಯೇ ಎಂಬುದು ಅವಳ ಪ್ರಶ್ನೆ. ಪ್ಯಾರಿಸ್ಸಿನ ಬಿನೆ 1905ರಲ್ಲಿ ಬುದ್ಧಿಪರೀಕ್ಷೆ ಮಾಡಿದ್ದು, ತರಗತಿಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಸಹಾಯ ಮಾಡಲೆಂದು. ಅಟ್ಲಾಂಟಿಕ್ ದಾಟುವಷ್ಟರಲ್ಲಿ ಅದು ಮಕ್ಕಳ ಹಣೆಗೆ ಹಚ್ಚುವ ನಂಬರಾಯಿತು. ಮ್ಯುನ್‌ಸ್ಟರ್‌ಬರ್ಗ್ ಟ್ರಾಮ್ ಓಡಿಸುವವರಿಗೆ ಪರೀಕ್ಷೆ ಮಾಡಿದ, ಕೈಗಾರಿಕಾ ಮನಶ್ಶಾಸ್ತ್ರ ಹುಟ್ಟಿತು. ಕೋರ್ಟು, ಕ್ರೀಡೆ, ಜಾಹೀರಾತು, ಎಲ್ಲಕ್ಕೂ ಈಗ ಒಂದೊಂದು ಶಾಖೆ ಉಂಟು.

ಇವರೆಲ್ಲರ ನಡುವೆ ಪಂಥ ಕಟ್ಟದೆ ಇದ್ದವನು ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬರೆದು, ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಎಂದು ಲೆಕ್ಕ ಇಟ್ಟ. 1885ರ ಅವನ ಪುಸ್ತಕದಲ್ಲಿ ಇರುವ ಮರೆವಿನ ಗೆರೆ ಇವತ್ತಿಗೂ ಸುಳ್ಳಾಗಿಲ್ಲ. ರಚನಾವಾದ ಹೋಯಿತು, ವಾಟ್ಸನ್‌ನ ಬೋಧನೆ ಹೋಯಿತು, ಮಂಚ ಮ್ಯೂಸಿಯಂ ಸೇರಿತು. ಬಾವುಟ ಇಲ್ಲದವನ ಗೆರೆ ಉಳಿಯಿತು. ಟಿಇಟಿಗೆ ಓದುವವರಿಗೆ ನಿಜವಾಗಿ ಬೇಕಾದ ಪಾಠವೂ ಅದೇ. ಓದಿದ ಮೊದಲ ದಿನವೇ ಹೆಚ್ಚು ಮರೆಯುವುದು, ಆದ್ದರಿಂದ ರಾತ್ರಿಯೆಲ್ಲ ಒಂದೇ ಸಲಕ್ಕೆ ಕೂರುವುದಕ್ಕಿಂತ ದಿನ ಬಿಟ್ಟು ದಿನ ತಿರುವಿಹಾಕುವುದು ಮೇಲು.

ಪರೀಕ್ಷೆ ಇಲ್ಲದ ಪುಣ್ಯವಂತರು ಈ ಮೇಷ್ಟ್ರುಗಳಲ್ಲಿ ಒಬ್ಬರನ್ನೇ ಓದುವುದಾದರೆ ವಿಲಿಯಂ ಜೇಮ್ಸ್‌ನನ್ನು ಓದಿ. ಎರಡು ಸಂಪುಟ ಹೊರುವ ಶಕ್ತಿಯಿಲ್ಲದವರಿಗೆಂದು 1892ರಲ್ಲಿ ಅವನೇ ಒಂದು ಸಂಗ್ರಹವನ್ನೂ ಬರೆದಿದ್ದಾನೆ. ವಿದ್ಯಾರ್ಥಿಗಳು ದೊಡ್ಡದನ್ನು ‘ಜೇಮ್ಸ್’ ಎಂದೂ ಚಿಕ್ಕದನ್ನು ‘ಜಿಮ್ಮಿ’ ಎಂದೂ ಕರೆಯುತ್ತಿದ್ದರು. ಜಿಮ್ಮಿಯಲ್ಲಿ ಅಭ್ಯಾಸಬಲದ ಮೇಲಿನ ಅಧ್ಯಾಯದಿಂದ ಶುರುಮಾಡಿ. ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ.